ನಾಲ್ಕಕ್ಕೂ ಒಂದೇ ಸಾಕಲ್ವಾ ಭಾವ?

ನಮ್ಮ ಮನೆಗೂ ಆಚೆಮನೆಗೂ ನಡುವೆ ದಾಸವಾಳದ ಬೇಲಿ, ಬೇಲಿಯ ಮಧ್ಯೆ ಒಂದು ದಣಪೆ. ದಣಪೆ ದಾಟಿ ಒಳಗೆ ಬಂದರೆ ಅದು ನೆಂಟಸ್ತಿಕೆ: ಆಸರಿಗೆ ಕೇಳಬೇಕು, ಕವಳದ ತಟ್ಟೆ ಮುಂದಿಡಬೇಕು. ಬೇಲಿಯ ಆಚೆಗೇ ನಿಂತು ಮಾತಾಡಿದರೆ ಹರಟೆ. ಅದಕ್ಕೆ ಖರ್ಚೂ ಇಲ್ಲ, ಹೊತ್ತು ಗೊತ್ತೂ ಇಲ್ಲ. ಆಚೆಮನೆ ಭಾವ ಎರಡನೆಯ ಪಂಗಡದವರು. ಭಾವ ಅಂದರೆ ನನ್ನ ಹೆಂಡತಿಯ ಅಣ್ಣನೂ ಅಲ್ಲ, ಅಕ್ಕನ ಗಂಡನೂ ಅಲ್ಲ. ಘಟ್ಟದ ಈ ಕಡೆ ಇಬ್ಬರು ಗಂಡಸರು ಎದುರಾದರೆ ಇಬ್ಬರೂ ಭಾವಂದಿರೇ. ಈ ಸಲ ಮಳೆ ಹಿಡಿದ ಮೇಲೆ ಅವರು ಬೇಲಿಗೆ ತಂದ ವಿಷಯ ಅಡಿಕೆ ಧಾರಣೆಯಲ್ಲ, ಕೊಳೆ ರೋಗವಲ್ಲ, ಪಂಚಾಯ್ತಿ ರಾಜಕೀಯವೂ ಅಲ್ಲ. ಲಿಥಿಯಂ ಸೆಲ್ಲು.

ಬೆಂಗಳೂರಿನಲ್ಲಿರುವ ಮಗ ಹಳೇ ಲ್ಯಾಪ್‌ಟಾಪಿನ ಬ್ಯಾಟರಿ ಸತ್ತುಹೋಯಿತೆಂದು ಊರಲ್ಲಿ ಬಿಟ್ಟುಹೋಗಿದ್ದ. ಬಿಚ್ಚಿ ನೋಡದೆ ಯಾವುದನ್ನೂ ಸತ್ತಿತು ಅಂತ ಭಾವ ಒಪ್ಪುವುದಿಲ್ಲ. ಬಿಚ್ಚಿದರು. ಒಳಗೆ ಬೆರಳು ಗಾತ್ರದ ಆರು ಸೆಲ್ಲು. ಇವಕ್ಕೆ ಅಂಗಡಿಯವರು ಹೇಳುವ ಹೆಸರು 18650. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ, ಕೊನೆಯ ಸೊನ್ನೆ ದುಂಡಗಿದೆ ಅನ್ನುವುದಕ್ಕೆ.

ಲ್ಯಾಪ್‌ಟಾಪ್ ಬ್ಯಾಟರಿ ಸಾಯುವ ರೀತಿಯೇ ಬೇರೆ. ಆರು ಸೆಲ್ಲಿನ ಹಳೆಯ ಪ್ಯಾಕಿನಲ್ಲಿ ಎರಡೆರಡು ಸೆಲ್ಲು ಜೋಡಿ, ಅಂಥ ಮೂರು ಜೋಡಿ ಒಂದರ ಹಿಂದೊಂದು. ಒಂದು ಜೋಡಿ ಕೆಟ್ಟರೂ ಒಳಗಿನ ಕಾವಲು ಸರ್ಕ್ಯೂಟು ಇಡೀ ಪ್ಯಾಕಿಗೇ ಬೀಗ ಹಾಕುತ್ತದೆ. ಉಳಿದ ನಾಲ್ಕು ಇನ್ನೂ ದುಡಿಯುವ ಸ್ಥಿತಿಯಲ್ಲೇ ಇರಬಹುದು. ಇಲ್ಲಿ ಆದದ್ದೂ ಅದೇ. ನನ್ನ ಮಲ್ಟಿಮೀಟರು ಬೇಲಿ ದಾಟಿ ಹೋಗಿ ವರದಿ ತಂದಿತು: ನಾಲ್ಕು ಸೆಲ್ಲು 3.6 ವೋಲ್ಟಿನ ಆಸುಪಾಸು, ಎರಡರಲ್ಲಿ 1 ವೋಲ್ಟೂ ಇಲ್ಲ.

"ಆ ಎರಡನ್ನ ಸ್ವಲ್ಪ ಎಬ್ಬಿಸಿ ನೋಡೋಣ್ವಾ?"

"ಬೇಡ ಭಾವ. 2 ವೋಲ್ಟಿಗಿಂತ ಕೆಳಗೆ ಬಹಳ ದಿನ ಬಿದ್ದುಕೊಂಡ ಸೆಲ್ಲಿನ ಒಳಗೆ ತಾಮ್ರದ ಹಾಳೆ ಕರಗಿರ್ತದೆ. ಮತ್ತೆ ಚಾರ್ಜು ಕೊಟ್ಟರೆ ಆ ತಾಮ್ರ ಇರಬಾರದ ಕಡೆ ಹೋಗಿ ಕೂತು ಒಳಗೇ ಶಾರ್ಟು ಮಾಡ್ತದೆ. ಎರಡೂ ತುದಿಗೆ ಟೇಪು ಸುತ್ತಿ ಇಡಿ, ಮಗ ಬಂದಾಗ ವಾಪಸ್ ಕಳಿಸಿ."

"ತೆಂಗಿನ ಬುಡಕ್ಕೆ ಹಾಕಿದ್ರೆ?"

ಭಾವನ ಮನೆಯಲ್ಲಿ ಬೇಡವಾದದ್ದೆಲ್ಲ ಸೇರುವುದು ತೆಂಗಿನ ಬುಡಕ್ಕೆ. ಬ್ಯಾಟರಿ ಮಾರಿದ ಕಂಪನಿಗಳೇ ಹಳೆಯದನ್ನು ಸಂಗ್ರಹಿಸುವ ಹೊಣೆ ಹೊರಬೇಕೆಂದು 2022ರಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡಿದೆ, ತೆಂಗಿನ ಮರದ ಮೇಲೆ ಆ ಹೊಣೆ ಹಾಕಿಲ್ಲ ಅಂದೆ.

ಒಳ್ಳೆಯ ನಾಲ್ಕರ ಮೇಲೆ ಭಾವನ ಯೋಜನೆ ಸಿದ್ಧವಾಗಿತ್ತು. ರಾತ್ರಿ ತೋಟಕ್ಕೆ ಹಂದಿ ಬರುತ್ತದೆ, ಮಳೆಗಾಲದಲ್ಲಿ ಕರೆಂಟು ಹೋದರೆ ಬರುವ ದಿನ ಯಾರಿಗೂ ಗೊತ್ತಿಲ್ಲ. ಮಂಡೆಗೆ ಕಟ್ಟುವ ಟಾರ್ಚಿಗೆ ಒಂದು ಸೆಲ್ಲು, ಕೈ ಟಾರ್ಚಿಗೆ ಒಂದು, ಎರಡು ಯಾವಾಗಲೂ ತುಂಬಿ ತಯಾರು. ಕರೆಂಟು ಬಂದ ಗಳಿಗೆಯಲ್ಲಿ ನಾಲ್ಕನ್ನೂ ಒಟ್ಟಿಗೆ ಚಾರ್ಜಿಗೆ ಹಾಕಬೇಕು. ಅದಕ್ಕೆ ಅವರು ಮನೆಯಲ್ಲಿದ್ದ ಹಳೆಯ ಮೊಬೈಲ್ ಚಾರ್ಜರಿನ ವೈರು ಕತ್ತರಿಸಿ, ತಾಮ್ರದ ಎಳೆ ಹೊಸೆದು, ಸೆಲ್ಲಿಗೆ ಮುಟ್ಟಿಸುವುದಷ್ಟೇ ಬಾಕಿ ಅನ್ನುವಲ್ಲಿಗೆ ಬಂದಿದ್ದರು.

ಅಲ್ಲಿ ತಡೆದೆ. ಮೊಬೈಲ್ ಚಾರ್ಜರ್ ಅಂತ ನಾವು ಗೋಡೆಗೆ ಸಿಕ್ಕಿಸುವುದು ಚಾರ್ಜರೇ ಅಲ್ಲ. ಅದು 230 ವೋಲ್ಟನ್ನು ಇಳಿಸಿ 5 ವೋಲ್ಟು ಕೊಡುವ ಸಪ್ಲೈ, ಅಷ್ಟೇ. ನಿಜವಾದ ಚಾರ್ಜರು ಫೋನಿನ ಹೊಟ್ಟೆಯಲ್ಲಿದೆ. ಎಷ್ಟು ಕರೆಂಟು ಬಿಡಬೇಕು, ಯಾವಾಗ ಕಡಿಮೆ ಮಾಡಬೇಕು, ಯಾವಾಗ ಮುಚ್ಚಬೇಕು ಅನ್ನುವುದೆಲ್ಲ ಅಲ್ಲಿ ತೀರ್ಮಾನವಾಗುತ್ತದೆ. ಮಾಮೂಲಿ ಲಿಥಿಯಂ ಸೆಲ್ಲಿಗೆ 4.2 ವೋಲ್ಟು ಅಂದರೆ ತುಂಬಿತು. ಅದರಾಚೆಗೆ ಒಂದು ಹೆಜ್ಜೆಯೂ ಇಡಬಾರದು. ಗೋಡೆಯ ಡಬ್ಬಿಗೆ ನಿಲ್ಲಿಸುವುದು ಗೊತ್ತಿಲ್ಲ, 5 ವೋಲ್ಟು ಮುಟ್ಟುವವರೆಗೆ ತಳ್ಳುತ್ತಲೇ ಇರುತ್ತದೆ.

"4.2 ಎಲ್ಲಿ, 5 ಎಲ್ಲಿ. ಮುಕ್ಕಾಲು ವೋಲ್ಟಿಗೆ ಇಷ್ಟು ಗಲಾಟೆಯಾ?"

ಈ ಪ್ರಶ್ನೆ ಅನ್ಯಾಯದ್ದೇನಲ್ಲ. ಉತ್ತರಕ್ಕೆ ನಾನು ಅವರನ್ನು ಶಿರಸಿ ಬಸ್‌ಸ್ಟ್ಯಾಂಡಿಗೆ ಕರೆದುಕೊಂಡು ಹೋಗಬೇಕಾಯಿತು, ಮಾತಿನಲ್ಲಿ. ಹುಬ್ಬಳ್ಳಿ ಬಸ್ಸು ಖಾಲಿಯಾಗಿ ಬಂದು ನಿಲ್ಲುತ್ತದೆ. ಮೊದಲ ನಲವತ್ತು ಜನ ನೋಡನೋಡುತ್ತ ಹತ್ತಿ ಕೂರುತ್ತಾರೆ. ಆಮೇಲಿನ ಹತ್ತು ಜನ ಒಳಗೆ ಸೇರುವುದಕ್ಕೆ ಮತ್ತೆ ಅಷ್ಟೇ ಹೊತ್ತು ಬೇಕು. ಕಂಡಕ್ಟರು ಒಳಗೆ ಹೋಗಿ ಒಳಗೆ ಹೋಗಿ ಅಂತ ಕೂಗಬೇಕು, ಒಬ್ಬೊಬ್ಬರು ಸರಿದು ಜಾಗ ಮಾಡಬೇಕು. ಹಿಂದಿನಿಂದ ಜೋರಾಗಿ ನೂಕಿದರೆ ಒಳಗೆ ಜಾಗವಿದ್ದರೂ ಜನ ಫುಟ್‌ಬೋರ್ಡಿನಲ್ಲೇ ಜೋತು ಬೀಳುತ್ತಾರೆ. ಸೆಲ್ಲಿನ ಒಳಗೆ ಚಾರ್ಜಾಗುವಾಗ ಲಿಥಿಯಂ ಅಯಾನುಗಳು ಹೋಗಿ ಕೂರಬೇಕಾದದ್ದು ಗ್ರಾಫೈಟಿನ ಪದರಗಳ ನಡುವೆ. ಶುರುವಿಗೆ ಖಾಲಿ, ಸಲೀಸು. ಕೊನೆಗೆ ನಿಧಾನ. ಆಗಲೂ ನೂಕಿದರೆ ಒಳಗೆ ಹೋಗದೆ ಹೊರಮೈಯಲ್ಲೇ ಲೋಹವಾಗಿ ಅಂಟಿಕೊಳ್ಳುತ್ತವೆ. ಹಾಗೆ ಅಂಟಿದ ಲಿಥಿಯಂ ಮುಳ್ಳಾಗಿ ಬೆಳೆದು ನಡುವಿನ ತೆಳು ಪ್ಲಾಸ್ಟಿಕ್ ಪರದೆಯನ್ನು ಚುಚ್ಚಿದರೆ ಮುಗಿಯಿತು.

ಆದ್ದರಿಂದ ಚಾರ್ಜರಿನ ಕೆಲಸ ಎರಡು ಹಂತದ್ದು. ಸೆಲ್ಲು 4.2 ವೋಲ್ಟು ಮುಟ್ಟುವ ತನಕ ಒಂದೇ ಪ್ರಮಾಣದ ಕರೆಂಟು ಬಿಡುತ್ತದೆ. ಮುಟ್ಟಿದ ಮೇಲೆ ವೋಲ್ಟನ್ನು ಅಲ್ಲೇ ಬಿಗಿ ಹಿಡಿದು, ಕರೆಂಟು ತಾನಾಗಿ ಇಳಿಯಲು ಬಿಡುತ್ತದೆ. ಮೊದಲಿನ ಹತ್ತನೇ ಒಂದು ಪಾಲಿಗೆ ಇಳಿದಾಗ ಬಾಗಿಲು ಹಾಕುತ್ತದೆ. ಬಾಗಿಲು ಹಾಕುವುದೇ ಇಲ್ಲಿ ಮುಖ್ಯ.

ಇದನ್ನು ಒಪ್ಪಿಕೊಳ್ಳಲು ನನ್ನಂಥವನಿಗೇ ಕಷ್ಟ. ನಾನು ಟೆಲಿಫೋನ್ ಇಲಾಖೆಯ ಮನುಷ್ಯ, ಅರ್ಧ ಆಯುಸ್ಸು ಎಕ್ಸ್‌ಚೇಂಜಿನ ಬ್ಯಾಟರಿ ರೂಮಿನ ಆಮ್ಲದ ವಾಸನೆಯಲ್ಲಿ ಕಳೆದವನು. ಅಲ್ಲಿ 2 ವೋಲ್ಟಿನ ಸೀಸದ ಸೆಲ್ಲುಗಳು ಇಪ್ಪತ್ತನಾಲ್ಕು, ಸಾಲಾಗಿ, ಒಟ್ಟು 48 ವೋಲ್ಟು. ಹಗಲೂ ರಾತ್ರಿ ಚಾರ್ಜರಿಗೆ ತಗುಲಿಕೊಂಡೇ ಇರುತ್ತಿದ್ದವು. ಫ್ಲೋಟ್ ಅನ್ನುತ್ತಿದ್ದೆವು ಅದಕ್ಕೆ. ಇಪ್ಪತ್ತನಾಲ್ಕಕ್ಕೂ ಒಂದೇ ಚಾರ್ಜರು. ಒಂದೆರಡು ಸೆಲ್ಲು ಹಿಂದೆ ಬಿದ್ದರೆ ಎಲ್ಲಕ್ಕೂ ಸ್ವಲ್ಪ ಹೆಚ್ಚು ವೋಲ್ಟು ಕೊಟ್ಟರಾಯಿತು. ತುಂಬಿದವು ಗುಳುಗುಳು ಗುಳ್ಳೆ ಬಿಟ್ಟು ಹೆಚ್ಚಾದದ್ದನ್ನು ಗಾಳಿಗೆ ಹಾಕುತ್ತಿದ್ದವು, ಅಷ್ಟರಲ್ಲಿ ಹಿಂದಿನವು ಬಂದು ಸೇರುತ್ತಿದ್ದವು. ನಷ್ಟವಾದದ್ದು ನೀರು, ಡಿಸ್ಟಿಲ್ಡ್ ವಾಟರ್ ಹಾಕಿ, ಹೈಡ್ರೋಮೀಟರ್ ಅದ್ದಿ, ರಿಜಿಸ್ಟರಿನಲ್ಲಿ ಬರೆದರೆ ಡ್ಯೂಟಿ ಮುಗಿಯಿತು. ಸೀಸ ಬಹಳ ಕ್ಷಮಾಗುಣದ ಲೋಹ. ಮನೆಮನೆಯ ಇನ್ವರ್ಟರ್ ಇಷ್ಟು ವರ್ಷ ಬಾಳುವುದೂ ಆ ಕ್ಷಮೆಯಿಂದಲೇ. ಲಿಥಿಯಂ ಸೆಲ್ಲಿಗೆ ಗುಳ್ಳೆ ಬಿಡುವ ಹಾದಿಯಿಲ್ಲ, ಮೇಲಿಂದ ನೀರು ಹಾಕುವ ಮುಚ್ಚಳವಿಲ್ಲ, ತುಂಬಿದ ಮೇಲೂ ತಗುಲಿಸಿಡುವ ಫ್ಲೋಟು ಅದಕ್ಕೆ ಆಗುವುದೂ ಇಲ್ಲ.

"ಹಂಗಾದ್ರೆ ಇಂಥ ಹೆದರುಪುಕ್ಕಲ ಸೆಲ್ಲನ್ನ ಯಾಕೆ ಮಾಡಿದ್ರು?"

ಹಗುರ ಅಂತ ಮಾಡಿದರು. ಅಷ್ಟೇ ಶಕ್ತಿ ಸೀಸದಲ್ಲಿ ಬೇಕೆಂದರೆ ಭಾವನ ಮಂಡೆ ಟಾರ್ಚನ್ನು ಮಂಡೆಯ ಮೇಲಲ್ಲ, ಬೆನ್ನ ಮೇಲೆ ಹೊರಬೇಕಿತ್ತು. 1970ರ ದಶಕದಲ್ಲಿ ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ದಾರಿ ತೆರೆದರು. 1980ರಲ್ಲಿ ಆಕ್ಸ್‌ಫರ್ಡಿನಲ್ಲಿ ಜಾನ್ ಗುಡ್‌ಇನಫ್ ಮತ್ತು ಸಂಗಡಿಗರು ಕೋಬಾಲ್ಟ್ ಆಕ್ಸೈಡಿನ ಕ್ಯಾಥೋಡನ್ನು ಕೊಟ್ಟರು. 4 ವೋಲ್ಟಿನ ಸೆಲ್ಲು ಸಾಧ್ಯವಾದದ್ದು ಅದರಿಂದ. ಜಪಾನಿನ ಅಕಿರಾ ಯೊಶಿನೊ 1985ರಲ್ಲಿ ಲಿಥಿಯಂ ಲೋಹದ ಬದಲು ಇಂಗಾಲ ಬಳಸಿ ಅಪಾಯ ತಗ್ಗಿಸಿದರು. 1991ರಲ್ಲಿ ಸೋನಿ ಕಂಪನಿ ಮಾರುಕಟ್ಟೆಗೆ ತಂದಿತು. ಮೂವರಿಗೂ 2019ರಲ್ಲಿ ನೊಬೆಲ್ ಬಂತು. ಆ ಕ್ಯಾಥೋಡ್ ಹೊರಬಂದಾಗ ಗುಡ್‌ಇನಫ್‌ಗೆ ಐವತ್ತೇಳರ ವಯಸ್ಸು, ನೊಬೆಲ್ ಬಂದಾಗ ತೊಂಬತ್ತೇಳು.

"ಐವತ್ತೇಳಕ್ಕಾ?" ಭಾವ ಕವಳವನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿದರು. "ನಂಗಿನ್ನೂ ಎರಡು ವರ್ಷ ಉಂಟು."

ಮಗನಿಗೆ ಫೋನು ಹೋಯಿತು. ಮುಂದಿನ ಸಲ ಬಂದಾಗ ಬೆಂಗಳೂರಿನ ಎಸ್‌ಪಿ ರೋಡಿನಿಂದ ಅವನು ತಂದದ್ದು ಟಿಪಿ4056 ಅನ್ನುವ ಚಿಪ್ಪು ಕೂತ ಬೋರ್ಡು. ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು, ಹೋಟೆಲಿನ ಒಂದೆರಡು ಕಾಫಿಯ ಬೆಲೆ. ಚೀನಾದ ನಾನ್‌ಜಿಂಗಿನ ಟಾಪ್ ಪವರ್ ಅನ್ನುವ ಕಂಪನಿಯ ಚಿಪ್ಪಿದು. ನಾನು ಮೇಲೆ ಹೇಳಿದ ಎರಡು ಹಂತದ ಕೆಲಸವನ್ನೆಲ್ಲ ಈ ಎಂಟು ಕಾಲಿನ ಹುಳ ತಾನೊಂದೇ ಮಾಡುತ್ತದೆ. ಸೆಲ್ಲು 2.9 ವೋಲ್ಟಿಗಿಂತ ಕೆಳಗಿದ್ದರೆ ಮೊದಲು ಹತ್ತನೇ ಒಂದು ಪಾಲು ಕರೆಂಟು ಕೊಟ್ಟು ಪರೀಕ್ಷಿಸುತ್ತದೆ, ಮೇಲೆ ಬಂದಮೇಲಷ್ಟೇ ಪೂರ್ತಿ ಬಿಡುತ್ತದೆ. ಚಾರ್ಜಾಗುವಾಗ ಕೆಂಪು ದೀಪ, ಮುಗಿದರೆ ನೀಲಿ. ಸೆಲ್ಲನ್ನು ಅಲ್ಲೇ ಬಿಟ್ಟು ಅದು ತಾನಾಗಿ 4.05 ವೋಲ್ಟಿಗೆ ಇಳಿದರೆ ಮತ್ತೆ ಶುರು ಮಾಡುತ್ತದೆ. ನಾವು ಎಕ್ಸ್‌ಚೇಂಜಿನಲ್ಲಿ ಬೀರು ಗಾತ್ರದ ರೆಕ್ಟಿಫೈಯರಿಗೆ ಶಿಫ್ಟಿನ ಮೇಲೆ ಆಳು ನಿಲ್ಲಿಸಿ ಮಾಡಿದ ಕೆಲಸ.

ಮಗ ತಂದದ್ದು ಒಂದೇ ಬೋರ್ಡು. ಹರಟೆ ನಿಜಕ್ಕೂ ಶುರುವಾದದ್ದು ಅಲ್ಲಿಂದ.

"ನಾಲ್ಕು ಬೋರ್ಡು ಬೇಕು," ಅಂದೆ.

"ನಾಲ್ಕಕ್ಕೂ ಒಂದೇ ಸಾಕಲ್ವಾ ಭಾವ?"

ಒಂದೇ ಸಾಕು ಅನ್ನುವವರು ಎರಡು ದಾರಿ ಹಿಡಿಯುತ್ತಾರೆ. ಭಾವ ಮೊದಲು ಹಿಡಿದದ್ದು ಸಾಲು ಜೋಡಣೆ. ಅದಕ್ಕೆ ಈ ಬೋರ್ಡು ಆಗುವುದಿಲ್ಲ. ನಾಲ್ಕು ಸೆಲ್ಲು ಸಾಲಾಗಿಟ್ಟರೆ ನಾಲ್ಕು ಸಲ 4.2, ಅಂದರೆ 16.8 ವೋಲ್ಟಿನ ದೊಡ್ಡ ಚಾರ್ಜರು ಬೇಕು. ಸಿಗುತ್ತದೆ, ಆದರೆ ಅದಕ್ಕೆ ಕಾಣುವುದು ಮೊತ್ತ ಮಾತ್ರ. ಮುದಿ ಲ್ಯಾಪ್‌ಟಾಪಿನಿಂದ ಬಂದ ನಾಲ್ಕು ಸೆಲ್ಲು ಸಮಸಮ ಇರುತ್ತವೆಯೇ? ಮೂರು 4.1ರಲ್ಲಿದ್ದು, ಬೇಗ ತುಂಬುವ ದುರ್ಬಲವೊಂದು 4.5ಕ್ಕೆ ಹೋದರೂ ಮೊತ್ತ 16.8 ಆಗಿಯೇ ಆಗುತ್ತದೆ. ಚಾರ್ಜರು ಎಲ್ಲ ಸರಿಯಿದೆ ಅಂತ ದೀಪ ಹಚ್ಚುತ್ತದೆ. ಆ ಒಂದು ಸೆಲ್ಲು ಮಾತ್ರ ಒಳಗೊಳಗೆ ಬೇಯುತ್ತಿರುತ್ತದೆ. ಇದನ್ನು ತಪ್ಪಿಸಲು ಬಿಎಂಎಸ್ ಅನ್ನುವ ಕಾವಲು ಬೋರ್ಡು ಹಾಕುತ್ತಾರೆ. ಅದು ಪ್ರತಿ ಸೆಲ್ಲನ್ನೂ ಬೇರೆ ಬೇರೆ ಅಳೆದು, ಮುಂದೆ ಓಡಿದ ಸೆಲ್ಲಿನ ಹೆಚ್ಚುವರಿಯನ್ನು ಚಿಕ್ಕ ರೆಸಿಸ್ಟರಿನಲ್ಲಿ ಶಾಖ ಮಾಡಿ ಕಳೆಯುತ್ತದೆ. ಆ ಕಳೆಯುವ ವೇಗ ಬಹಳ ಕಡಿಮೆ. 100 ಓಂ ರೆಸಿಸ್ಟರಾದರೆ 42 ಮಿಲಿಆಂಪಿಯರ್. ಸಣ್ಣಪುಟ್ಟ ವ್ಯತ್ಯಾಸಕ್ಕೆ ಸಾಕು, ಹುಟ್ಟಾ ಬೇರೆಬೇರೆಯಾದ ಸೆಲ್ಲುಗಳನ್ನು ಸಮ ಮಾಡುವುದಕ್ಕಲ್ಲ.

"ಸರಿ, ಸಾಲಾಗೇ ಇರಲಿ, ಒಂದೊಂದಕ್ಕೆ ಒಂದೊಂದು ಬೋರ್ಡು ಕಚ್ಚಿಸಿದ್ರೆ?"

ಇದು ಜಾಣ ಪ್ರಶ್ನೆ, ಬಹಳ ಜನ ಬೋರ್ಡು ಸುಡುವುದೂ ಇಲ್ಲಿಯೇ. ನಾಲ್ಕು ಬೋರ್ಡಿಗೂ ಒಂದೇ 5 ವೋಲ್ಟಿನ ಸಪ್ಲೈ ಕೊಟ್ಟ ಮೇಲೆ ನಾಲ್ಕರ ಮೈನಸ್ಸೂ ಒಂದಕ್ಕೊಂದು ಸೇರಿತು. ಸೆಲ್ಲುಗಳೋ ಸಾಲಿನಲ್ಲಿವೆ, ಒಂದರ ಮೈನಸ್ಸು ಇನ್ನೊಂದರ ಪ್ಲಸ್ಸು. ಎರಡೂ ಒಟ್ಟಿಗೆ ಆದರೆ ನೇರ ಶಾರ್ಟು. ಹಾಗೆ ಮಾಡಲೇಬೇಕೆಂದರೆ ಒಂದಕ್ಕೊಂದು ಸಂಬಂಧವೇ ಇಲ್ಲದ ನಾಲ್ಕು ಸಪ್ಲೈ ಬೇಕು. ಒಂದು ಬೋರ್ಡಿನಲ್ಲಿ ಮುಗಿಸಲು ಹೊರಟವರಿಗೆ ನಾಲ್ಕು ಬೋರ್ಡೂ ಆಯಿತು, ನಾಲ್ಕು ಅಡಾಪ್ಟರೂ ಆಯಿತು.

ಭಾವ ಅವತ್ತು ಸುಮ್ಮನಾದರು. ಮರುದಿನ ಬರುವಾಗ ಮಗನಿಂದ ಅಸ್ತ್ರ ಪಡೆದುಕೊಂಡು ಬಂದಿದ್ದರು.

"ಟೆಸ್ಲಾದವರ ಮೊದಲನೇ ಕಾರಿನಲ್ಲಿ ಇದೇ ಸೆಲ್ಲು 6,831 ಇದ್ವಂತೆ. ಅವರೇನು 6,831 ಚಾರ್ಜರು ಇಟ್ಟಿದ್ರಾ?"

ನನಗೆ ಖುಷಿಯಾಯಿತು. ವಾದ ಅಂದರೆ ಹೀಗಿರಬೇಕು. ಲೆಕ್ಕ ಸರಿ: 2008ರಲ್ಲಿ ಬಂದ ರೋಡ್‌ಸ್ಟರ್ ಕಾರು, 18650 ಗಾತ್ರದ 6,831 ಸೆಲ್ಲು. ಅವನ್ನು ಜೋಡಿಸಿದ ಬಗೆ ಕೇಳಿ. ಅರವತ್ತೊಂಬತ್ತು ಸೆಲ್ಲಿನ ಪ್ಲಸ್ಸೆಲ್ಲ ಒಂದು ಕಡೆ, ಮೈನಸ್ಸೆಲ್ಲ ಒಂದು ಕಡೆ. ಅಂಥ ತೊಂಬತ್ತೊಂಬತ್ತು ಗುಂಪು ಸಾಲಿನಲ್ಲಿ. ಗುಣಿಸಿದರೆ 6,831. ಎಲ್ಲ ಒಂದೇ ಬಗೆಯ ಹೊಸ ಸೆಲ್ಲು. ಪ್ರತಿ ಸೆಲ್ಲಿಗೂ ಅದರದೇ ಫ್ಯೂಸು. ಪ್ರತಿ ಗುಂಪಿನ ವೋಲ್ಟನ್ನು ಅಳೆಯುವ ಸರ್ಕ್ಯೂಟು. ತಂಪು ಮಾಡಲು ನಡುವೆ ಹರಿಯುವ ದ್ರವ. ಅವರು ಒಂದೇ ಚಾರ್ಜರು ಇಟ್ಟದ್ದು ಇಷ್ಟೆಲ್ಲ ಮಾಡಿ. ನಿಮ್ಮ ನಾಲ್ಕು ಸೆಲ್ಲಿಗೆ ದ್ರವ ಹರಿಸುತ್ತೀರಾ?

ಆದರೆ ಅವರ ಮಾತಿನಲ್ಲಿ ಹುರುಳಿತ್ತು, ಒಪ್ಪಿಕೊಂಡೆ. ಪ್ಲಸ್ಸಿಗೆ ಪ್ಲಸ್ಸು, ಮೈನಸ್ಸಿಗೆ ಮೈನಸ್ಸು ಸೇರಿಸಿ ನಾಲ್ಕನ್ನೂ ಒಂದೇ ಬೋರ್ಡಿಗೆ ಕೊಡಬಹುದು. ಒಟ್ಟಾದ ಸೆಲ್ಲುಗಳ ವೋಲ್ಟು ಒಂದೇ ಆಗಿರುತ್ತದೆ, ಯಾವುದೂ 4.2 ದಾಟುವುದಿಲ್ಲ. ಪವರ್ ಬ್ಯಾಂಕಿನವರು ಮಾಡುವುದೇ ಹೀಗೆ. ಷರತ್ತು ಎರಡು: ಸೇರಿಸುವ ಮುನ್ನ ಎಲ್ಲವೂ ಸಮ ಇರಬೇಕು, ಸೇರಿದ ಮೇಲೆ ಬಿಡಿಸಬಾರದು. ಭಾವನ ಟಾರ್ಚುಗಳಲ್ಲಿ ನಡೆಯುವುದು ಅದರ ಉಲ್ಟಾ. ತೋಟ ಸುತ್ತಿ ಬಂದ ಸೆಲ್ಲು 3.2ರಲ್ಲಿರುತ್ತದೆ, ಕಪಾಟಿನಲ್ಲಿ ಕೂತದ್ದು 4.1ರಲ್ಲಿ. ಎರಡನ್ನೂ ಒಂದೇ ಪಟ್ಟಿಗೆ ಹಾಕಿದರೆ ಚಾರ್ಜರನ್ನು ಕೇಳುವವರಿಲ್ಲ, ತುಂಬಿದ ಸೆಲ್ಲೇ ಖಾಲಿ ಸೆಲ್ಲಿಗೆ ಸುರಿಯಲು ಶುರು ಮಾಡುತ್ತದೆ. ಎರಡರ ಒಳ ಪ್ರತಿರೋಧ ಸೇರಿ 0.1 ಓಂ ಅಂತಿಟ್ಟುಕೊಳ್ಳಿ. 0.9 ವೋಲ್ಟಿನ ವ್ಯತ್ಯಾಸಕ್ಕೆ 9 ಆಂಪಿಯರ್ ಹರಿಯಿತು. ಲ್ಯಾಪ್‌ಟಾಪಿನ ಮುದಿ ಸೆಲ್ಲಿಗೆ ಒಂದು ಆಂಪಿಯರೇ ಧಾರಾಳ.

ಬಿಡಿಬಿಡಿಯಾಗಿ ಬಳಸುವ ಸೆಲ್ಲಿಗೆ ಬಿಡಿಬಿಡಿ ಚಾರ್ಜರು. ಅಕ್ಕಪಕ್ಕ ನಾಲ್ಕು ಸಣ್ಣ ಬೋರ್ಡು ಅಂಟಿಸಿದ್ದು ನೋಡಲು ದಡ್ಡತನ ಅನ್ನಿಸುತ್ತದೆ, ಆದರೆ ಒಂದು ಸೆಲ್ಲಿನ ಕಾಯಿಲೆ ಇನ್ನೊಂದಕ್ಕೆ ದಾಟುವುದಿಲ್ಲ, ಒಂದು ಬೋರ್ಡು ಸುಟ್ಟರೆ ಉಳಿದ ಮೂರು ನಡೆಯುತ್ತವೆ, ಯಾವ ಸೆಲ್ಲು ಬೇಗ ತುಂಬಿತು ಯಾವುದು ತಡವಾಯಿತು ಅಂತ ದೀಪ ನೋಡಿಯೇ ಹೇಳಬಹುದು. ಅಂಗಡಿಯಲ್ಲಿ ಸಿಗುವ ನಾಲ್ಕು ಕಂಡಿಯ ಒಳ್ಳೆಯ ಚಾರ್ಜರುಗಳೂ ಒಳಗೆ ಪ್ರತಿ ಕಂಡಿಯನ್ನೂ ಬೇರೆಯಾಗಿಯೇ ನೋಡಿಕೊಳ್ಳುತ್ತವೆ. ಹಾಗಾದರೆ ಅದನ್ನೇ ಕೊಳ್ಳಬಹುದಲ್ಲ ಅಂದರೆ, ಕೊಳ್ಳಬಹುದು. ಆದರೆ ಆಮೇಲೆ ನಾವಿಬ್ಬರೂ ಬೇಲಿಯಲ್ಲಿ ಏನು ಮಾತಾಡುವುದು?

ಇನ್ನೂ ಮೂರು ಬೋರ್ಡು ಅಂಚೆಯಲ್ಲಿ ಬಂದವು. ಆಗ ಕರೆಂಟಿನ ಲೆಕ್ಕ. ಬೋರ್ಡು ಬರುವಾಗಲೇ 1 ಆಂಪಿಯರಿಗೆ ಹೊಂದಿಸಿರುತ್ತದೆ. ನಾಲ್ಕು ಸೇರಿದರೆ 4 ಆಂಪಿಯರ್. ಭಾವನ ಹಳೇ ಮೊಬೈಲ್ ಸಪ್ಲೈ ಕೊಡುವುದು 2. ಮೇಲಾಗಿ ಈ ಚಿಪ್ಪು 5 ವೋಲ್ಟಿಗೂ ಸೆಲ್ಲಿನ ವೋಲ್ಟಿಗೂ ಇರುವ ವ್ಯತ್ಯಾಸವನ್ನೆಲ್ಲ ಶಾಖ ಮಾಡಿಯೇ ಕಳೆಯುತ್ತದೆ. ಸೆಲ್ಲು 3.7ರಲ್ಲಿದ್ದಾಗ 1 ಆಂಪಿಯರಿಗೆ 1.3 ವಾಟು, ಅಷ್ಟು ಚಿಕ್ಕ ಚಿಪ್ಪಿಗೆ ಮುಟ್ಟಲಾಗದಷ್ಟು ಬಿಸಿ. ಉಪಾಯ ಬೋರ್ಡಿನ ಮೇಲೆಯೇ ಇದೆ. 1.2 ಕಿಲೋ ಓಮಿನ ಒಂದು ರೆಸಿಸ್ಟರು ಈ 1 ಆಂಪಿಯರನ್ನು ತೀರ್ಮಾನಿಸುತ್ತದೆ. ಅದನ್ನು ಕಿತ್ತು 2 ಕಿಲೋ ಓಮಿನದು ಕೂರಿಸಿದರೆ 580 ಮಿಲಿಆಂಪಿಯರ್. ನಾಲ್ಕಕ್ಕೂ ಸೇರಿ 2.3 ಆಂಪಿಯರ್ ಚಿಲ್ಲರೆ. 5 ವೋಲ್ಟು 3 ಆಂಪಿಯರಿನ ಸಾದಾ ಅಡಾಪ್ಟರು ಸಾಕು. ಚಿಪ್ಪಿನ ಶಾಖ ಮುಕ್ಕಾಲು ವಾಟಿಗೆ ಇಳಿಯಿತು, ಮುದಿ ಸೆಲ್ಲಿಗೂ ನಿರಾಳ. ರಾತ್ರಿಯೆಲ್ಲ ಮಲಗುವವರಿಗೆ ಎರಡು ತಾಸು ತಡವಾದರೆ ನಷ್ಟವೇನು?

ರೆಸಿಸ್ಟರು ಕಣ್ಣಿಗೆ ಕಾಣದಷ್ಟು ಸಣ್ಣದು. ಬೆಸುಗೆ ನಾನು ಹಾಕಿದೆ, ಭೂತಗನ್ನಡಿ ಹಿಡಿದವರು ಭಾವ, ಉಸಿರು ಬಿಡಬೇಡಿ ಅಂತ ಇಬ್ಬರಿಗೂ ಎಚ್ಚರಿಸುತ್ತಿದ್ದವಳು ನಮ್ಮ ಮನೆಯವಳು. ಸೆಲ್ಲಿಗೆ ನೇರವಾಗಿ ಬೆಸುಗೆ ಹಾಕಲು ಮಾತ್ರ ನಾನು ಒಪ್ಪಲಿಲ್ಲ. ಆ ಶಾಖ ಒಳಗಿನ ಪರದೆಗೆ ಆಗಿಬರುವುದಿಲ್ಲ. ಸ್ಪ್ರಿಂಗಿರುವ ಹೋಲ್ಡರು ತರಿಸಿದೆವು. ಪ್ರತಿ ಸೆಲ್ಲಿನ ಪ್ಲಸ್ಸಿಗೆ 2 ಆಂಪಿಯರಿನ ಗಾಜಿನ ಫ್ಯೂಸು. ಪ್ಲಸ್ಸಿನ ಕಡೆ ದಪ್ಪಗೆ ಕುಂಕುಮದ ಬಣ್ಣದ ಪೇಂಟು, ಏಕೆಂದರೆ ಸೆಲ್ಲು ತಿರುಗುಮುರುಗಾದರೆ ಈ ಬೋರ್ಡಿಗೆ ರಕ್ಷಣೆಯಿಲ್ಲ, ಒಂದೇ ಗಳಿಗೆಯಲ್ಲಿ ಹೊಗೆ. ಇನ್ನೊಂದು ಎಚ್ಚರವನ್ನು ಯಾರೂ ಹೇಳುವುದಿಲ್ಲ: ಈ ಸೆಲ್ಲಿನ ಮೈಯೆಲ್ಲ ಮೈನಸ್ಸು, ನೆತ್ತಿಯ ಗುಂಡಿ ಮಾತ್ರ ಪ್ಲಸ್ಸು. ನಡುವೆ ಇರುವುದು ಒಂದು ಕಾಗದದ ಬಳೆ ಮತ್ತು ತೆಳು ಪ್ಲಾಸ್ಟಿಕ್ ಅಂಗಿ. ಲ್ಯಾಪ್‌ಟಾಪಿನಿಂದ ಕೀಳುವಾಗ ಆ ಅಂಗಿ ಹರಿದಿದ್ದರೆ ಮೊದಲು ಹೊಸ ಅಂಗಿ ತೊಡಿಸಬೇಕು.

ಇದನ್ನೆಲ್ಲ ಕೂರಿಸಿದ ಪೆಟ್ಟಿಗೆ ಎಲ್ಲಿಡುವುದು ಅನ್ನುವುದು ಎರಡೂ ಮನೆಯ ಹೆಂಗಸರು ಸೇರಿ ತೀರ್ಮಾನಿಸಿದ ವಿಷಯ. ಭಾವ ಹೇಳಿದ್ದು ಬಚ್ಚಲ ಒಲೆಯ ಮೇಲಿನ ಅಟ್ಟ. ಮಳೆಗಾಲದಲ್ಲಿ ಮಲೆನಾಡಿನ ಮನೆಯಲ್ಲಿ ಒಣಗಿರುವ ಜಾಗ ಅದೊಂದೇ. ಕಟ್ಟಿಗೆ, ಕಂಬಳಿ, ರೇಶನ್ ಕಾರ್ಡು ಎಲ್ಲ ಅಲ್ಲೇ. ಆದರೆ 45 ಡಿಗ್ರಿಗಿಂತ ಬಿಸಿಯಲ್ಲಿ ಲಿಥಿಯಂ ಸೆಲ್ಲನ್ನು ಚಾರ್ಜು ಮಾಡಬಾರದು. ಆಚೆಮನೆ ಅಕ್ಕ ಪೇಪರಿನಲ್ಲಿ ಬ್ಯಾಟರಿ ಸ್ಕೂಟರಿಗೆ ಬೆಂಕಿ ಹತ್ತಿದ್ದು ಓದಿದ್ದಳು. "ಮನೆ ಒಳಗೆ ಬೇಡ, ಮರದ ಮೇಜಿನ ಮೇಲಂತೂ ಬೇಡವೇ ಬೇಡ," ಅಂದಳು. ಅವಳ ಭಯ ಸಕಾರಣ. 2006ರಲ್ಲಿ ಡೆಲ್ ಕಂಪನಿ 41 ಲಕ್ಷ ಲ್ಯಾಪ್‌ಟಾಪ್ ಬ್ಯಾಟರಿಗಳನ್ನು ವಾಪಸ್ ಕರೆಸಿಕೊಂಡದ್ದು ಸೆಲ್ಲಿನೊಳಗೆ ಸೇರಿಕೊಂಡ ಲೋಹದ ಸೂಕ್ಷ್ಮ ಕಣಗಳ ದೆಸೆಯಿಂದ. ಕಾರ್ಖಾನೆಯಲ್ಲೇ ಹಾಗಾಗುವಾಗ ಹಿತ್ತಲಿನ ಚಾರ್ಜರು ಮಾಡಿದವರು ಜಂಬ ಪಡಬಾರದು. ಕೊನೆಗೆ ಪೆಟ್ಟಿಗೆ ಹೋದದ್ದು ಹಿಂದಿನ ಜಗಲಿಯ ಚಪ್ಪಡಿಕಲ್ಲಿನ ಮೇಲೆ, ತಗಡಿನ ಮಾಡಿನ ಕೆಳಗೆ. ಪಕ್ಕದಲ್ಲಿ ಮರಳಿನ ಬಕೀಟು ಇಡುತ್ತೇನೆಂದರು ಭಾವ. ಇಡಿ, ಆದರೆ ನೀರೂ ಇರಲಿ ಅಂದೆ. ಈ ಸೆಲ್ಲಿನ ಕ್ಯಾಥೋಡು ಕಾದಾಗ ತಾನೇ ಆಮ್ಲಜನಕ ಬಿಡುತ್ತದೆ. ಮರಳು ಮುಚ್ಚಿ ಗಾಳಿ ತಡೆದರೂ ಒಳಗಿನ ಉರಿ ನಿಲ್ಲುವುದಿಲ್ಲ. ಪ್ಲಗ್ಗು ಕಿತ್ತು, ದೂರ ನಿಂತು, ತಣ್ಣಗಾಗುವ ತನಕ ನೀರು ಹಾಕುವುದೇ ದಾರಿ.

ಮೊದಲ ಸಲ ನಾಲ್ಕು ಕೆಂಪು ದೀಪ ಹತ್ತಿದಾಗ ಎರಡೂ ಮನೆಯವರು ಜಗಲಿಯಲ್ಲಿದ್ದೆವು. ಅರ್ಧ ತಾಸಿಗೊಮ್ಮೆ ಕೈಯಿಟ್ಟು ನೋಡಿದೆವು. ಸೆಲ್ಲು ಉಗುರುಬೆಚ್ಚಗಾದರೆ ಸರಿ, ಅದಕ್ಕಿಂತ ಬಿಸಿಯಾದರೆ ಆ ಸೆಲ್ಲಿಗೆ ನಿವೃತ್ತಿ. ಮೂರು ಒಂದರ ಹಿಂದೊಂದು ನೀಲಿಗೆ ತಿರುಗಿದವು. ನಾಲ್ಕನೆಯದು ಹಟ ಹಿಡಿದು ಬಹಳ ಹೊತ್ತಿನ ಮೇಲೆ ತಿರುಗಿತು. ಅದನ್ನು ಬೇರೆ ತೆಗೆದಿಟ್ಟು ವಾರ ಕಳೆದು ಅಳೆದಾಗ 3.9ಕ್ಕೆ ಬಂದಿತ್ತು; ಉಳಿದವು 4.1ರ ಮೇಲೇ ಇದ್ದವು. ಸುಮ್ಮನೆ ಕೂತಲ್ಲೇ ಸೋರುವ ಸೆಲ್ಲನ್ನು ಇಟ್ಟುಕೊಳ್ಳಬಾರದು. ಅದೂ ಟೇಪು ಸುತ್ತಿಸಿಕೊಂಡು ಮಗನ ಚೀಲ ಸೇರಿತು.

ಖಾಲಿಯಾದ ನಾಲ್ಕನೆಯ ಕಂಡಿಗೆ ಭಾವ ಪೇಟೆಯಿಂದ ಒಂದು ಹೊಸ ಸೆಲ್ಲು ತಂದರು. ಹೊಳೆಯುವ ಅಂಗಿ, ಮೇಲೆ 9900 ಮಿಲಿಆಂಪಿಯರ್ ಅವರ್ ಅಂತ ಅಚ್ಚು. ಈ ಗಾತ್ರದಲ್ಲಿ ಜಗತ್ತಿನ ಒಳ್ಳೊಳ್ಳೆ ಕಾರ್ಖಾನೆಗಳು ಕಷ್ಟಪಟ್ಟು ತುರುಕಿರುವುದೇ 3500ರ ಸುತ್ತಮುತ್ತ. ತೂಗಿ ನೋಡಿ ಅಂದೆ. ಅಡುಗೆಮನೆಯ ತಕ್ಕಡಿಯಲ್ಲಿ ಹಳೇ ಲ್ಯಾಪ್‌ಟಾಪಿನ ಸೆಲ್ಲು 45 ಗ್ರಾಮಿನ ಹತ್ತಿರ ತೂಗಿತು, 9900ರ ಸರದಾರ ಅದಕ್ಕಿಂತ ಎಷ್ಟೋ ಹಗುರ.

"ಬರೆದದ್ದು ಸುಳ್ಳಾ?"

"ಬರೆಯೋದಕ್ಕೆ ಏನು ಖರ್ಚು ಭಾವ?"

ಈಗ ಮೂರು ಸೆಲ್ಲಿನಲ್ಲಿ ಎರಡು ಟಾರ್ಚು ನಡೆಯುತ್ತಿವೆ. ಹಂದಿಗಳಿಗೆ ಇದರಿಂದ ತೊಂದರೆಯಾದ ಲಕ್ಷಣ ಕಾಣಿಸಿಲ್ಲ. ಮಳೆ ಬಿಟ್ಟ ಮೇಲೆ ಉಪಯೋಗಿಸದೆ ಇಡುವ ಸೆಲ್ಲನ್ನು ಪೂರ್ತಿ ತುಂಬಿಸಿ ಇಡಬೇಡಿ, 3.7, 3.8ರಲ್ಲಿ ಬಿಡಿ, ಬಾಳಿಕೆ ಬರುತ್ತದೆ ಅಂತ ಹೇಳಿದ್ದೇನೆ. ನಾಲ್ಕನೆಯ ಕಂಡಿಯ ಮೇಲಿಂದ ಭಾವನ ಕಣ್ಣು ಮಾತ್ರ ಸರಿದಿಲ್ಲ. ನಿನ್ನೆ ಬೇಲಿಗೆ ಬರುವಾಗ ಕೈಯಲ್ಲಿ ಅಂಗಳದ ಸೋಲಾರ್ ದೀಪದಿಂದ ಕಿತ್ತ ಸೆಲ್ಲಿತ್ತು. ಅದೇ ದಪ್ಪ, ಅದೇ ಉದ್ದ, ಹೋಲ್ಡರಿಗೆ ಹೇಳಿ ಮಾಡಿಸಿದ ಹಾಗೆ ಕೂರುತ್ತದೆ. ಕನ್ನಡಕ ಹಾಕಿ ಓದಿದೆ: 3.2 ವೋಲ್ಟು. ಅದು ಲಿಥಿಯಂ ಕಬ್ಬಿಣದ ಫಾಸ್ಫೇಟಿನ ಸೆಲ್ಲು. ಅದರ ಗಡಿ 3.65, ನಮ್ಮ ಬೋರ್ಡು ಕೇಳದೆ 4.2ಕ್ಕೆ ಎಳೆದೊಯ್ಯುತ್ತದೆ. ಅದಕ್ಕೆ ಟಿಪಿ5000 ಅನ್ನುವ ಬೇರೆ ಚಿಪ್ಪಿದೆ, 3.6ಕ್ಕೂ 4.2ಕ್ಕೂ ಹೊಂದಿಸಬಹುದು ಅಂತ ಬಾಯಿ ತಪ್ಪಿ ಹೇಳಿಬಿಟ್ಟೆ.

"ಎರಡಕ್ಕೂ ಆಗ್ತದಾ? ಹಂಗಾದ್ರೆ ನಾಲ್ಕೂ ಅದೇ ಹಾಕ್ಬಹುದಿತ್ತಲ್ಲ ಭಾವ," ಅನ್ನುತ್ತ ಅವರು ಮೊದಲ ಬಾರಿಗೆ ದಣಪೆ ಸರಿಸಿ ಒಳಗೆ ಬಂದರು. ಆಸರಿಗೆ ಏನು ಬೇಕು ಅಂತ ಒಳಗಿಂದ ಕೇಳಿದಳು ನಮ್ಮ ಮನೆಯವಳು.